ಪಂಚಾಯತಿ ಬಾಗಿಲಿನಿಂದ ಮನೆಯ ಬಾಗಿಲಿಗೆ: ಫೈಬರ್ ಅಂತರ್ಜಾಲಕ್ಕಾಗಿ ಗ್ರಾಮಸ್ಥರನ್ನು ಒಗ್ಗೂಡಿಸುವ ಕ್ರಮ

(ಗ್ರಾಮ ಪಂಚಾಯತಿ ಚುನಾಯಿತ ಪ್ರತಿನಿಧಿಗಳ ಅಧ್ಯಯನಕ್ಕಾಗಿ)

1. ಪಾಠದ ಉದ್ದೇಶ

ಗ್ರಾಮ ಪಂಚಾಯತಿಯ ದೈನಂದಿನ ಆಡಳಿತವು ಇಂದು ಬಹುಪಾಲು ಅಂತರ್ಜಾಲವನ್ನೇ ಅವಲಂಬಿಸಿದೆ. ಇ-ಸ್ವತ್ತು ತಂತ್ರಾಂಶದಲ್ಲಿ ಆಸ್ತಿಯ ನಮೂನೆ ನೀಡುವುದು, ಪಂಚತಂತ್ರದಲ್ಲಿ ತೆರಿಗೆ ವಸೂಲಿ ದಾಖಲಿಸುವುದು, ಇ-ಗ್ರಾಮಸ್ವರಾಜ್ ಮೂಲಕ ಹಣ ಪಾವತಿಸುವುದು, ಬಾಪೂಜಿ ಸೇವಾ ಕೇಂದ್ರದ ಅರ್ಜಿಗಳನ್ನು ವಿಲೇವಾರಿ ಮಾಡುವುದು, ಇವೆಲ್ಲವೂ ಸಂಪರ್ಕವಿದ್ದರೆ ನಡೆಯುತ್ತವೆ, ಕಡಿದರೆ ನಿಲ್ಲುತ್ತವೆ. ಒಂದು ದಿನದ ಕೂಲಿ ಬಿಟ್ಟು ಬಂದ ವೃದ್ಧೆಯೊಬ್ಬರು "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಉತ್ತರ ಪಡೆದು ಹಿಂದಿರುಗುವಾಗ ಆಗುವ ನಷ್ಟವು ಯಾವ ಲೆಕ್ಕಪತ್ರದಲ್ಲಿಯೂ ದಾಖಲಾಗುವುದಿಲ್ಲ.

ಮನೆಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ರಾಜ್ಯ ಸರ್ಕಾರವು 'ವಿದ್ಯಾಗಮ' ಕಾರ್ಯಕ್ರಮ ರೂಪಿಸಿ ಶಿಕ್ಷಕರನ್ನೇ ಮಕ್ಕಳಿದ್ದಲ್ಲಿಗೆ ಕಳುಹಿಸಬೇಕಾಯಿತು. ಮೊಬೈಲ್ ಇಲ್ಲದ, ಇದ್ದರೂ ಸಿಗ್ನಲ್ ಸಿಗದ ಮಕ್ಕಳ ಸಂಖ್ಯೆ ಅಷ್ಟು ದೊಡ್ಡದಾಗಿತ್ತು. ಗುಡಿಯ ಕಟ್ಟೆ ಹಾಗೂ ಸಮುದಾಯ ಭವನಗಳು ತರಗತಿಗಳಾದ ಆ ದಿನಗಳನ್ನು ಸದಸ್ಯರು ಮರೆತಿರಲಾರರು.

ಫೈಬರ್ ಸಂಪರ್ಕವು ಹಳ್ಳಿಯ ಮನೆಗಳಿಗೆ ತಾನಾಗಿಯೇ ಬರುವುದಿಲ್ಲ. ಎಣಿಸಿ, ಬರೆದು, ಸಹಿ ಹಾಕಿಸಿ ಸಲ್ಲಿಸಿದ ಬೇಡಿಕೆ ಇದ್ದಲ್ಲಿಗೆ ಬರುತ್ತದೆ. ಆ ಬೇಡಿಕೆಯನ್ನು ರೂಪಿಸುವ ಅಧಿಕಾರವೂ ಅವಕಾಶವೂ ಗ್ರಾಮ ಪಂಚಾಯತಿ ಸದಸ್ಯರಿಗಿದೆ ಎಂಬುದನ್ನು ವಿವರಿಸುವುದು ಈ ಪಾಠದ ಉದ್ದೇಶ.

2. ಕೇಬಲ್ ಎಲ್ಲಿಯವರೆಗೆ ಬಂದಿದೆ

ದೇಶದ ಎಲ್ಲ ಗ್ರಾಮ ಪಂಚಾಯತಿಗಳನ್ನು ಆಪ್ಟಿಕಲ್ ಫೈಬರ್ ಮೂಲಕ ಜೋಡಿಸುವ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2011ರಲ್ಲಿ ಒಪ್ಪಿಗೆ ನೀಡಿತು. ಆಗ ಅದರ ಹೆಸರು ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ. 2015ರಲ್ಲಿ ಅದು 'ಭಾರತ್‌ನೆಟ್' ಆಯಿತು. ಸುಮಾರು ಒಂದು ಲಕ್ಷ ಗ್ರಾಮ ಪಂಚಾಯತಿಗಳನ್ನು ಒಳಗೊಂಡ ಮೊದಲ ಹಂತವು 2017ರ ಡಿಸೆಂಬರ್‌ನಲ್ಲಿ ಪೂರ್ಣಗೊಂಡಿತು. ದೂರಸಂಪರ್ಕ ಸಂಸ್ಥೆಗಳು ತಮ್ಮ ಆದಾಯದಿಂದ ನೀಡುವ ವಂತಿಗೆಯ ನಿಧಿಯಿಂದ ಈ ವೆಚ್ಚ ಭರಿಸಲಾಗುತ್ತಿದ್ದು, ಆ ನಿಧಿಗೆ ಈಗ 'ಡಿಜಿಟಲ್ ಭಾರತ್ ನಿಧಿ' ಎಂದು ಹೆಸರು.

ಮೊದಲ ಹಂತದಲ್ಲಿ ಕೇಬಲ್ ಬಂದು ನಿಂತದ್ದು ಪಂಚಾಯತಿ ಕಚೇರಿಯ ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ. ಕಚೇರಿಯಿಂದ ಶಾಲೆಗೆ, ಆರೋಗ್ಯ ಕೇಂದ್ರಕ್ಕೆ, ಓಣಿಯ ಮನೆಗಳಿಗೆ ಹೋಗಬೇಕಾದ ಕೊನೆಯ ಕೆಲವು ನೂರು ಮೀಟರ್ ಅಂತರವು ಅನೇಕ ಕಡೆ ಹಾಗೆಯೇ ಉಳಿಯಿತು. ಕಾಲುವೆಯಲ್ಲಿ ನೀರು ಬಂದರೂ ಹೊಲಗಾಲುವೆ ತೋಡದಿದ್ದರೆ ಬೆಳೆಗೆ ನೀರು ಸಿಗುವುದಿಲ್ಲ. ಇಲ್ಲಿಯೂ ಆದದ್ದು ಅದೇ.

2023ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟವು 1,39,579 ಕೋಟಿ ರೂಪಾಯಿ ವೆಚ್ಚದ ಪರಿಷ್ಕೃತ ಭಾರತ್‌ನೆಟ್ ಕಾರ್ಯಕ್ರಮವನ್ನು ಅನುಮೋದಿಸಿತು. ಬಿ.ಎಸ್.ಎನ್.ಎಲ್. ಇದರ ಅನುಷ್ಠಾನ ಸಂಸ್ಥೆ. ಈ ಕಾರ್ಯಕ್ರಮದ ಮೂರು ಅಂಶಗಳನ್ನು ಸದಸ್ಯರು ವಿಶೇಷವಾಗಿ ಗಮನಿಸಬೇಕು.

(ಅ) ಸುಮಾರು 2.64 ಲಕ್ಷ ಗ್ರಾಮ ಪಂಚಾಯತಿಗಳನ್ನು ಸರಳ ರೇಖೆಯ ಬದಲು ಉಂಗುರದ ಮಾದರಿಯಲ್ಲಿ ಜೋಡಿಸಲಾಗುತ್ತದೆ. ಒಂದು ಕಡೆ ಕೇಬಲ್ ಕಡಿದರೆ ಮಾಹಿತಿಯು ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ.

(ಆ) ಪಂಚಾಯತಿ ಕೇಂದ್ರವಲ್ಲದ ಸುಮಾರು 3.8 ಲಕ್ಷ ಗ್ರಾಮಗಳಿಗೆ ಬೇಡಿಕೆಯ ಆಧಾರದ ಮೇಲೆ ಸಂಪರ್ಕ ನೀಡಲಾಗುತ್ತದೆ.

(ಇ) ಐದು ವರ್ಷಗಳಲ್ಲಿ 1.5 ಕೋಟಿ ಗ್ರಾಮೀಣ ಮನೆಗಳಿಗೆ ಫೈಬರ್ ಸಂಪರ್ಕ ನೀಡುವ ಗುರಿ ಇದೆ. ಮನೆಸಂಪರ್ಕದ ಕೆಲಸವನ್ನು ಸ್ಥಳೀಯ ಉದ್ಯಮಿಗಳು ಆದಾಯ ಹಂಚಿಕೆಯ ಆಧಾರದಲ್ಲಿ ನಿರ್ವಹಿಸುತ್ತಾರೆ.

ಎರಡನೆಯ ಅಂಶದಲ್ಲಿರುವ 'ಬೇಡಿಕೆಯ ಆಧಾರದ ಮೇಲೆ' ಎಂಬ ಮಾತೇ ಈ ಪಾಠದ ಕೇಂದ್ರ. ಬೇಡಿಕೆ ಸಲ್ಲಿಸದ ಗ್ರಾಮವು ಪಟ್ಟಿಯಲ್ಲಿ ಕಾಣಿಸುವುದಿಲ್ಲ. ಪಂಚಾಯತಿ ಕೇಂದ್ರವಲ್ಲದ ಹಳ್ಳಿಗಳಿಂದ ಆಯ್ಕೆಯಾದ ಸದಸ್ಯರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ.

3. ಬೆಳಕಿನ ಎಳೆ ಹೇಗೆ ಕೆಲಸ ಮಾಡುತ್ತದೆ

ಆಪ್ಟಿಕಲ್ ಫೈಬರ್ ಎಂದರೆ ತಲೆಗೂದಲಿನಷ್ಟು ತೆಳುವಾದ ಗಾಜಿನ ಎಳೆ. ತಾಮ್ರದ ತಂತಿಯಲ್ಲಿ ವಿದ್ಯುತ್ ಸಂಕೇತ ಹರಿಯುವಂತೆ ಇದರಲ್ಲಿ ಲೇಸರ್ ಬೆಳಕು ಹರಿಯುತ್ತದೆ. ಬೆಳಕು ಹತ್ತಾರು ಕಿಲೋಮೀಟರ್ ಸಾಗಿದರೂ ಹೆಚ್ಚು ಕುಂದುವುದಿಲ್ಲ. ಪಕ್ಕದ ವಿದ್ಯುತ್ ತಂತಿಯಿಂದ ಅದಕ್ಕೆ ಅಡಚಣೆಯಾಗುವುದಿಲ್ಲ.

ಮನೆಗಳಿಗೆ ಸಂಪರ್ಕ ನೀಡಲು ಸಾಮಾನ್ಯವಾಗಿ ಬಳಸುವ ಜಿ-ಪಾನ್ ಎಂಬ ವ್ಯವಸ್ಥೆಯಲ್ಲಿ ಒಂದೇ ಎಳೆಯನ್ನು 'ಸ್ಪ್ಲಿಟರ್' ಎಂಬ ಸಣ್ಣ ಸಾಧನದಿಂದ 32 ಅಥವಾ 64 ಕವಲುಗಳಾಗಿ ಹಂಚಬಹುದು. ಸ್ಪ್ಲಿಟರಿಗೆ ವಿದ್ಯುತ್ ಬೇಕಿಲ್ಲ. ಒಂದು ಎಳೆಯ ಒಟ್ಟು ಸಾಮರ್ಥ್ಯ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್. 32 ಮನೆಗಳೂ ಒಂದೇ ಕ್ಷಣದಲ್ಲಿ ಪೂರ್ಣ ಬಳಕೆಯಲ್ಲಿದ್ದರೂ ಆ ಎಳೆಯಲ್ಲಿ ಪ್ರತಿ ಮನೆಗೆ 75 ಮೆಗಾಬಿಟ್‌ಗಿಂತ ಹೆಚ್ಚಿನ ಪಾಲು ಇರುತ್ತದೆ. ದೂರಸಂಪರ್ಕ ಇಲಾಖೆಯು 2023ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯಂತೆ 'ಬ್ರಾಡ್‌ಬ್ಯಾಂಡ್' ಎನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗ 2 ಮೆಗಾಬಿಟ್ ಮಾತ್ರ ಎಂಬುದನ್ನು ಇದಕ್ಕೆ ಹೋಲಿಸಬಹುದು.

ಮೊಬೈಲ್ ಟವರಿನ ಸಾಮರ್ಥ್ಯವನ್ನು ಅದರ ವ್ಯಾಪ್ತಿಯಲ್ಲಿರುವ ಎಲ್ಲರೂ ಹಂಚಿಕೊಳ್ಳುತ್ತಾರೆ. ಸಂಜೆ ಎಲ್ಲರೂ ಮನೆಗೆ ಬಂದ ಹೊತ್ತಿನಲ್ಲಿ ವೇಗ ಕುಸಿಯುವುದು ಈ ಕಾರಣದಿಂದಲೇ. ಆದ್ದರಿಂದ "ಎಲ್ಲರ ಕೈಯಲ್ಲಿ ಮೊಬೈಲ್ ಇರುವಾಗ ಕೇಬಲ್ ಏಕೆ?" ಎಂಬ ಪ್ರಶ್ನೆ ಗ್ರಾಮ ಸಭೆಯಲ್ಲಿ ಬಂದರೆ ಈ ವ್ಯತ್ಯಾಸವನ್ನು ಸರಳವಾಗಿ ವಿವರಿಸಬೇಕು.

4. ನಗರಕ್ಕೆ ತಾನೇ ಬಂದದ್ದು ಹಳ್ಳಿಗೆ ಏಕೆ ಬರಲಿಲ್ಲ

ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಫೈಬರ್ ಸಂಪರ್ಕಕ್ಕಾಗಿ ಯಾರೂ ಗ್ರಾಮ ಸಭೆ ಸೇರಿಸಬೇಕಾಗಿಲ್ಲ. ಒಂದು ರಸ್ತೆಯಲ್ಲಿ ನೂರಾರು ಮನೆ ಮತ್ತು ಅಂಗಡಿಗಳಿರುವಾಗ ಕೇಬಲ್ ಎಳೆದವನಿಗೆ ಗಿರಾಕಿಗಳು ಖಚಿತ. ಹಳ್ಳಿಯಲ್ಲಿ ಆ ಖಾತರಿ ಇಲ್ಲ. ತಂತ್ರಜ್ಞಾನ ಒಂದೇ ಆಗಿದ್ದರೂ ಲೆಕ್ಕಾಚಾರ ಬೇರೆ.

ಒಂದು ಕಾಲ್ಪನಿಕ ಉದಾಹರಣೆಯನ್ನು ಪರಿಶೀಲಿಸಬಹುದು. 400 ಮನೆಗಳ ಗ್ರಾಮವೊಂದರಲ್ಲಿ ತಿಂಗಳ ಶುಲ್ಕ 400 ರೂಪಾಯಿ ಎಂದು ಭಾವಿಸೋಣ. 20 ಮನೆಗಳು ಮಾತ್ರ ಸಂಪರ್ಕ ಪಡೆದರೆ ತಿಂಗಳ ಒಟ್ಟು ಆದಾಯ 8,000 ರೂಪಾಯಿ. ಅದರಲ್ಲಿ ಸೇವಾ ಸಂಸ್ಥೆಯ ಪಾಲು ಕಳೆದರೆ ಕೇಬಲ್ ದುರಸ್ತಿ ಮಾಡುವ ಒಬ್ಬ ಯುವಕನ ಸಂಬಳಕ್ಕೂ ಹಣ ಸಾಲದು. 100 ಮನೆಗಳು ಸೇರಿದರೆ ಆದಾಯ 40,000 ರೂಪಾಯಿ; ಆಗ ಅದೇ ಊರಿನ ಒಬ್ಬ ಐ.ಟಿ.ಐ. ಅಥವಾ ಡಿಪ್ಲೊಮಾ ಪಡೆದ ಯುವಕ ಊರಿನಲ್ಲಿಯೇ ಜೀವನ ಸಾಗಿಸಬಹುದು. ಕೇಬಲಿನ ಉದ್ದ ಎರಡೂ ಸಂದರ್ಭಗಳಲ್ಲಿ ಹೆಚ್ಚು ಬದಲಾಗುವುದಿಲ್ಲ. ಬದಲಾದದ್ದು ಒಟ್ಟಾಗಿ ಸೇರಿದ ಮನೆಗಳ ಸಂಖ್ಯೆ.

ಈ ಜಿಲ್ಲೆಯ ಹಳ್ಳಿಗಳಿಗೆ ಒಂದು ಅನುಕೂಲವಿದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ ಹಾಗೂ ಹುಬ್ಬಳ್ಳಿ ತಾಲ್ಲೂಕುಗಳ ಎರೆ ಭೂಮಿಯಲ್ಲಿ ಮನೆಗಳು ಸಾಮಾನ್ಯವಾಗಿ ಒಂದೆಡೆ ಒತ್ತಾಗಿ ಕಟ್ಟಲ್ಪಟ್ಟಿವೆ. ಊರಿಂದ ಊರಿಗೆ ದೂರವಿದ್ದರೂ ಊರೊಳಗೆ ಓಣಿಯಿಂದ ಓಣಿಗೆ ದೂರವಿಲ್ಲ. ಪಂಚಾಯತಿ ಕಚೇರಿಗೆ ಕೇಬಲ್ ಬಂದ ಮೇಲೆ ಒಳಗಿನ ಹಂಚಿಕೆ ಕಡಿಮೆ ವೆಚ್ಚದಲ್ಲಿ ಸಾಧ್ಯ. ಕಲಘಟಗಿ ಹಾಗೂ ಅಳ್ನಾವರ ಭಾಗದ ಅರಣ್ಯದಂಚಿನ ಚದುರಿದ ಜನವಸತಿಗಳ ಲೆಕ್ಕ ಬೇರೆ. ಅಲ್ಲಿ ಒಂದೊಂದು ವಸತಿಗೂ ಪ್ರತ್ಯೇಕ ಬೇಡಿಕೆ ಸಿದ್ಧಪಡಿಸಬೇಕು.

5. ಒಗ್ಗಟ್ಟಿನಿಂದ ಬಂದ ಸೌಲಭ್ಯಗಳು: ನಾಲ್ಕು ನಿದರ್ಶನಗಳು

ಒಬ್ಬರಿಂದಾಗದ ಸೌಲಭ್ಯವನ್ನು ಹತ್ತು ಜನ ಸೇರಿ ತರುವುದು ಈ ನೆಲಕ್ಕೆ ಹೊಸದಲ್ಲ. ಅಂದು ಧಾರವಾಡ ಜಿಲ್ಲೆಯಲ್ಲಿದ್ದು ಈಗ ಗದಗ ಜಿಲ್ಲೆಗೆ ಸೇರಿರುವ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪನೆಯಾಯಿತು. ದೇಶದ ಸಹಕಾರ ಚಳವಳಿಯ ಆರಂಭಿಕ ಸಂಘಗಳಲ್ಲಿ ಅದೂ ಒಂದು. ಒಬ್ಬ ರೈತನಿಗೆ ಸಿಗದ ಸಾಲವು ಊರಿನ ಸಂಘಕ್ಕೆ ಸಿಕ್ಕಿತು.

ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಆರಂಭವಾಯಿತು. ವಿದ್ಯುತ್ ಬಳಸುವವರೇ ಅದರ ಸದಸ್ಯರು. ತಂತಿ ಮತ್ತು ಕಂಬಗಳ ಜಾಲವನ್ನು ಗ್ರಾಮೀಣ ಜನರ ಸಂಸ್ಥೆಯೊಂದು ದಶಕಗಳ ಕಾಲ ನಿರ್ವಹಿಸಬಲ್ಲದು ಎಂಬುದಕ್ಕೆ ಅದೇ ಸಾಕ್ಷಿ.

ಮೂರನೆಯದು ಅಮೆರಿಕದ ಕಾನ್ಸಾಸ್ ಸಿಟಿಯದು. 2010ರಲ್ಲಿ ಗೂಗಲ್ ಸಂಸ್ಥೆಯು ಆಯ್ದ ಕೆಲವು ಊರುಗಳಿಗೆ ಅತಿವೇಗದ ಫೈಬರ್ ಜಾಲ ಒದಗಿಸುವುದಾಗಿ ಪ್ರಕಟಿಸಿದಾಗ ಸುಮಾರು 1,100 ಊರುಗಳು ಅರ್ಜಿ ಸಲ್ಲಿಸಿದವು. ಟೊಪೀಕಾ ಎಂಬ ನಗರವು ಒಂದು ತಿಂಗಳ ಮಟ್ಟಿಗೆ ತನ್ನ ಹೆಸರನ್ನೇ 'ಗೂಗಲ್' ಎಂದು ಬದಲಿಸಿಕೊಂಡಿತು. ಆದರೆ 2011ರಲ್ಲಿ ಆಯ್ಕೆಯಾದದ್ದು ಕಾನ್ಸಾಸ್ ಸಿಟಿ. 2012ರಲ್ಲಿ ಅಲ್ಲಿ ಬಡಾವಣೆವಾರು ಪೂರ್ವ ನೋಂದಣಿ ನಡೆಯಿತು. 10 ಡಾಲರ್ ಶುಲ್ಕ ನೀಡಿ ನಿಗದಿತ ಪ್ರಮಾಣದ ಮನೆಗಳು ಹೆಸರು ಬರೆಸಿದ ಬಡಾವಣೆಗಳಿಗೆ ಮಾತ್ರ ಕೇಬಲ್ ಹೋಯಿತು. ಬಡವರು ವಾಸಿಸುವ ಬಡಾವಣೆಗಳಲ್ಲಿ ನೋಂದಣಿ ಹಿಂದೆ ಬಿದ್ದಾಗ ಸ್ವಯಂಸೇವಕರು ಮನೆಮನೆಗೆ ತೆರಳಿ ಹೆಸರು ಬರೆಸಬೇಕಾಯಿತು. ಈ ನಿದರ್ಶನದಲ್ಲಿ ಪಾಠವೂ ಎಚ್ಚರಿಕೆಯೂ ಇವೆ. ಬೇಡಿಕೆಯ ಪಟ್ಟಿಯು ಕೇಬಲ್ ತರುತ್ತದೆ. ಅದೇ ಪಟ್ಟಿಯು ಅಸಹಾಯಕರನ್ನು ಹೊರಗಿಡಲೂಬಹುದು.

ನಾಲ್ಕನೆಯದು ಇಂಗ್ಲೆಂಡಿನ ಲ್ಯಾಂಕಾಶೈರ್ ಪ್ರಾಂತದ್ದು. ದೊಡ್ಡ ಕಂಪನಿಗಳು ಬಾರದ ಹಳ್ಳಿಗಳ ಜನರು 2011ರಲ್ಲಿ 'ಬಿ4ಆರ್‌ಎನ್' ಎಂಬ ಸಮುದಾಯ ಸಂಸ್ಥೆ ಕಟ್ಟಿದರು. ಷೇರು ಹಣ ಸಂಗ್ರಹಿಸಿದರು. ರೈತರು ತಮ್ಮ ಹೊಲಗಳಲ್ಲಿ ಕೇಬಲ್ ಹಾಯಲು ಪರಿಹಾರ ಕೇಳದೆ ಒಪ್ಪಿದರು. ಅನೇಕರು ತಾವೇ ತಗ್ಗು ತೋಡಿದರು. ಭಾರತದಲ್ಲಿ ಪರವಾನಗಿ ಇಲ್ಲದೆ ಅಂತರ್ಜಾಲ ಸೇವೆ ಮಾರುವಂತಿಲ್ಲವಾದ್ದರಿಂದ ಈ ಕ್ರಮವನ್ನು ಹಾಗೆಯೇ ಅನುಸರಿಸಲಾಗದು. ಆದರೆ ದಾರಿ ಬಿಟ್ಟುಕೊಡುವ ಅವರ ಮನೋಭಾವವನ್ನು ಅನುಸರಿಸಲು ಪರವಾನಗಿ ಬೇಕಿಲ್ಲ.

6. ಸದಸ್ಯರು ಅನುಸರಿಸಬಹುದಾದ ಕ್ರಮ

ಹಂತ 1: ಸ್ಥಿತಿಯ ಪರಿಶೀಲನೆ. ಪಂಚಾಯತಿ ಕಚೇರಿಯಲ್ಲಿ ಭಾರತ್‌ನೆಟ್ ಪೆಟ್ಟಿಗೆ ಇದೆಯೇ, ಅದರ ದೀಪಗಳು ಉರಿಯುತ್ತಿವೆಯೇ, ಬ್ಯಾಟರಿ ಸುಸ್ಥಿತಿಯಲ್ಲಿದೆಯೇ, ಅದರಿಂದ ಯಾವ ಸಂಸ್ಥೆಗಳಿಗೆ ಸಂಪರ್ಕ ಹೋಗಿದೆ ಎಂಬುದನ್ನು ಮೊದಲು ಕಣ್ಣಾರೆ ನೋಡಬೇಕು. ತಿಂಗಳಲ್ಲಿ ಎಷ್ಟು ದಿನ ಸಂಪರ್ಕವಿತ್ತು ಎಂಬ ವಹಿಯನ್ನು ಅಂದಿನಿಂದಲೇ ಆರಂಭಿಸಬೇಕು. "ನೆಟ್ ಬರುವುದಿಲ್ಲ" ಎಂಬ ದೂರಿಗಿಂತ "ಈ ತಿಂಗಳು 11 ದಿನ ಸಂಪರ್ಕವಿರಲಿಲ್ಲ, ದಿನಾಂಕಗಳು ಇಂತಿವೆ" ಎಂಬ ಪತ್ರಕ್ಕೆ ಹೆಚ್ಚು ಬೆಲೆ ಇದೆ.

ಹಂತ 2: ಮನೆಮನೆ ಪಟ್ಟಿ. ವಾರ್ಡ್‌ವಾರು ಪಟ್ಟಿಯಲ್ಲಿ ಮನೆ ಸಂಖ್ಯೆ, ಕುಟುಂಬದ ಮುಖ್ಯಸ್ಥರ ಹೆಸರು, ಮನೆಯಲ್ಲಿ ಓದುವ ಮಕ್ಕಳ ಸಂಖ್ಯೆ, ಎಲ್ಲರ ಮೊಬೈಲ್ ರೀಚಾರ್ಜಿಗೆ ಈಗ ತಿಂಗಳಿಗೆ ಆಗುವ ವೆಚ್ಚ, ಫೈಬರ್ ಸಂಪರ್ಕಕ್ಕೆ ನೀಡಬಲ್ಲ ತಿಂಗಳ ಮೊತ್ತ ಹಾಗೂ ಸಹಿ ಇರಲಿ. ಮೂರು-ನಾಲ್ಕು ಮೊಬೈಲ್‌ಗಳಿರುವ ಮನೆಗಳಲ್ಲಿ ರೀಚಾರ್ಜ್ ವೆಚ್ಚವನ್ನು ಒಟ್ಟುಗೂಡಿಸಿ ನೋಡಿದಾಗ ಕುಟುಂಬದವರೇ ಹೋಲಿಕೆ ಮಾಡಿಕೊಳ್ಳುತ್ತಾರೆ. ಈ ಕಾರ್ಯಕ್ಕೆ ಸಂಜೀವಿನಿ ಒಕ್ಕೂಟದ ಮಹಿಳೆಯರ ನೆರವು ಪಡೆಯುವುದು ಸೂಕ್ತ. ಪ್ರತಿ ಓಣಿಯ ಪರಿಚಯವೂ ಜನರ ವಿಶ್ವಾಸವೂ ಅವರಿಗಿದೆ. ಸಭೆಯಲ್ಲಿ ಎತ್ತಿದ ಕೈ ಬೇರೆ, ತಿಂಗಳ ಬಿಲ್ಲಿಗೆ ಒಪ್ಪಿ ಹಾಕಿದ ಸಹಿ ಬೇರೆ ಎಂಬುದನ್ನು ಸದಸ್ಯರು ನೆನಪಿಡಬೇಕು.

ಹಂತ 3: ವಾರ್ಡ್ ಸಭೆ ಮತ್ತು ಗ್ರಾಮ ಸಭೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಅಡಿಯಲ್ಲಿ ನಡೆಯುವ ಈ ಸಭೆಗಳೇ ಬೇಡಿಕೆಗೆ ಅಧಿಕೃತ ರೂಪ ನೀಡುವ ಸ್ಥಳ. ವಿಷಯವನ್ನು ಕಾರ್ಯಸೂಚಿಯಲ್ಲಿ ಮೊದಲೇ ಸೇರಿಸಿ ಡಂಗುರ ಸಾರಿಸಬೇಕು. ಪಟ್ಟಿಯನ್ನು ಸಭೆಯಲ್ಲಿ ಓದಬೇಕು.

ಹಂತ 4: ಸಂಸ್ಥೆಗಳನ್ನು ಮೊದಲ ಗ್ರಾಹಕರನ್ನಾಗಿ ಸೇರಿಸುವುದು. ಶಾಲೆ, ಅಂಗನವಾಡಿ, ಅರಿವು ಕೇಂದ್ರ, ಉಪ ಆರೋಗ್ಯ ಕೇಂದ್ರ, ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ, ಹಾಲು ಉತ್ಪಾದಕರ ಸಂಘ ಹಾಗೂ ನ್ಯಾಯಬೆಲೆ ಅಂಗಡಿಗಳ ಹೆಸರು ಪಟ್ಟಿಯ ಆರಂಭದಲ್ಲಿರಲಿ. ಇವು ಪ್ರತಿ ತಿಂಗಳು ತಪ್ಪದೆ ಶುಲ್ಕ ನೀಡುವ ಗ್ರಾಹಕರಾದ್ದರಿಂದ ಉದ್ಯಮಿಗೆ ಧೈರ್ಯ ಬರುತ್ತದೆ.

ಹಂತ 5: ಸಲ್ಲಿಕೆ ಮತ್ತು ಬೆನ್ನತ್ತುವಿಕೆ. ಠರಾವು ಮತ್ತು ಪಟ್ಟಿಯ ಪ್ರತಿಗಳನ್ನು ಬಿ.ಎಸ್.ಎನ್.ಎಲ್. ಕಚೇರಿಗೆ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ತಾಲ್ಲೂಕು ಪಂಚಾಯತಿಗೂ ಜಿಲ್ಲಾ ಪಂಚಾಯತಿಗೂ ಒಂದೊಂದು ಪ್ರತಿ ಕಳುಹಿಸಬೇಕು. ನೆರೆಯ ಎರಡು-ಮೂರು ಪಂಚಾಯತಿಗಳು ಒಟ್ಟಾಗಿ ಸಲ್ಲಿಸಿದರೆ ಬೇಡಿಕೆಯ ತೂಕ ಹೆಚ್ಚುತ್ತದೆ. ಖಾಸಗಿ ಪರವಾನಗಿದಾರರು ಮುಂದೆ ಬಂದರೂ ಅದೇ ಪಟ್ಟಿ ಉಪಯುಕ್ತ.

7. ಠರಾವಿನ ಮಾದರಿ

"ನಮ್ಮ ಗ್ರಾಮದ ____ ಮನೆಗಳ ಪೈಕಿ ____ ಮನೆಗಳು ಹಾಗೂ ____ ಸಂಸ್ಥೆಗಳು ಫೈಬರ್ ಅಂತರ್ಜಾಲ ಸಂಪರ್ಕ ಪಡೆಯಲು ಲಿಖಿತ ಒಪ್ಪಿಗೆ ನೀಡಿರುವುದನ್ನು ಸಭೆಯು ಪರಿಶೀಲಿಸಿತು. ಭಾರತ್‌ನೆಟ್ ಕಾರ್ಯಕ್ರಮದಡಿ ಗ್ರಾಮಕ್ಕೆ ಸಂಪರ್ಕ ಕಲ್ಪಿಸುವಂತೆ ಕೋರಲು, ಕೇಬಲ್ ಮಾರ್ಗಕ್ಕೆ ನಿಯಮಾನುಸಾರ ಅನುಮತಿಯನ್ನು ವಿಳಂಬವಿಲ್ಲದೆ ನೀಡಲು, ಉಪಕರಣಗಳಿಗೆ ಸುರಕ್ಷಿತ ಸ್ಥಳ ಒದಗಿಸಲು ಹಾಗೂ ಕೇಬಲ್ ರಕ್ಷಣೆಗೆ ಸಮಿತಿ ರಚಿಸಲು ಸಭೆಯು ಸರ್ವಾನುಮತದಿಂದ ಠರಾಯಿಸಿತು."

8. ಬಂದ ಕೇಬಲನ್ನು ಉಳಿಸಿಕೊಳ್ಳುವುದು

ಕೇಬಲ್ ತರುವುದಕ್ಕಿಂತ ಅದನ್ನು ಜೀವಂತವಾಗಿರಿಸುವುದು ಕಠಿಣ. ಸಾಮಾನ್ಯ ಮಣ್ಣಿನಲ್ಲಿ ಆಪ್ಟಿಕಲ್ ಕೇಬಲನ್ನು 165 ಸೆಂಟಿಮೀಟರ್ ಆಳದಲ್ಲಿ, ಪ್ಲಾಸ್ಟಿಕ್ ಕೊಳವೆಯೊಳಗೆ ಹಾಕಬೇಕೆಂಬುದು ಬಿ.ಎಸ್.ಎನ್.ಎಲ್. ಮಾನದಂಡ. ಆದರೆ ಕಲ್ಲು ನೆಲದಲ್ಲಿ ಹಾಗೂ ಸೇತುವೆಗಳ ಬಳಿ ಆಳ ಕಡಿಮೆ ಇರಬಹುದು. ಕುಡಿಯುವ ನೀರಿನ ಪೈಪು, ಚರಂಡಿ, ರಸ್ತೆ ಅಗಲೀಕರಣ ಕಾಮಗಾರಿಗಳಲ್ಲಿ ಜೆ.ಸಿ.ಬಿ. ಹಲ್ಲು ತಗುಲಿ ಕೇಬಲ್ ಕಡಿದರೆ ಗಾಜಿನ ಎಳೆಗಳನ್ನು ಯಂತ್ರದ ನೆರವಿನಿಂದ ಒಂದೊಂದಾಗಿ ಬೆಸೆಯಬೇಕು. ಕಡಿಯಲು ಒಂದು ನಿಮಿಷ ಸಾಕು. ಸರಿಪಡಿಸುವವರು ಬರಲು ದಿನಗಳು ಬೇಕಾಗಬಹುದು.

ಇಂಥ ಹಾನಿ ತಪ್ಪಿಸಲು 'ಅಗೆಯುವ ಮೊದಲು ತಿಳಿಸಿ' ಎಂಬ ಆಶಯದ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ಅನ್ನು ಪ್ರಧಾನಮಂತ್ರಿಯವರು 2023ರ ಮಾರ್ಚ್ 22ರಂದು ಬಿಡುಗಡೆ ಮಾಡಿದರು. ಅಗೆಯುವವರು ಸ್ಥಳ ಹಾಗೂ ದಿನಾಂಕ ನಮೂದಿಸಿದರೆ ಆ ನೆಲದಡಿ ಕೇಬಲ್ ಅಥವಾ ಕೊಳವೆ ಇರುವ ಸಂಸ್ಥೆಗಳಿಗೆ ಸೂಚನೆ ಹೋಗುತ್ತದೆ. ಪಂಚಾಯತಿಯ ಪ್ರತಿ ಕಾಮಗಾರಿ ಆದೇಶದಲ್ಲಿ ಈ ಆ್ಯಪ್ ಬಳಕೆಯನ್ನು ಷರತ್ತಾಗಿ ಸೇರಿಸಬಹುದು. ಕೇಬಲ್ ಸಾಗಿದ ದಾರಿಯ ಸರಳ ನಕ್ಷೆಯನ್ನು ಕಚೇರಿಯ ಗೋಡೆಗೆ ಹಾಕಿಸಿ, ಮಾರ್ಗಸೂಚಕ ಕಲ್ಲುಗಳನ್ನು ಕಿತ್ತುಹಾಕದಂತೆ ಹೊಲದ ಮಾಲೀಕರಿಗೆ ತಿಳಿಸಬೇಕು.

ಇನ್ನೊಂದು ಚಿಕ್ಕ ವಿಷಯವು ದೊಡ್ಡ ಪರಿಣಾಮ ಉಂಟುಮಾಡುತ್ತದೆ. ಸಂಜೆ ಕಚೇರಿ ಮುಚ್ಚುವಾಗ ಮೇನ್ ಸ್ವಿಚ್ ಆಫ್ ಮಾಡುವ ರೂಢಿ ಹಲವೆಡೆ ಇದೆ. ಅದರೊಂದಿಗೆ ಉಪಕರಣಕ್ಕೂ ವಿದ್ಯುತ್ ನಿಲ್ಲುತ್ತದೆ. ಅದರಿಂದ ಸಂಪರ್ಕ ಪಡೆಯುವ ಶಾಲೆ, ಗ್ರಂಥಾಲಯ ಹಾಗೂ ವೈಫೈ ಬಳಕೆದಾರರು ಸಂಜೆಯ ಓದಿನ ಹೊತ್ತಿಗೇ ವಂಚಿತರಾಗುತ್ತಾರೆ. ಉಪಕರಣಕ್ಕೆ ಪ್ರತ್ಯೇಕ ವಿದ್ಯುತ್ ಮಾರ್ಗ ಎಳೆಸಿ "ಆರಿಸಬಾರದು" ಎಂಬ ಫಲಕ ಹಾಕಿಸುವುದು ಅತ್ಯಲ್ಪ ವೆಚ್ಚದ ಕೆಲಸ.

ದೂರಸಂಪರ್ಕ ಮಾರ್ಗದ ಹಕ್ಕು ನಿಯಮಗಳು, 2024, 2025ರ ಜನವರಿ 1ರಿಂದ ಜಾರಿಯಲ್ಲಿವೆ. ಅರ್ಜಿಗಳಿಗೆ ಕಾಲಮಿತಿಯೊಳಗೆ ಉತ್ತರಿಸುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ. ಅಗೆದ ರಸ್ತೆಯನ್ನು ಮೊದಲಿನಂತೆ ಮಾಡಿಸಿಕೊಳ್ಳುವುದು ಅದರ ಹಕ್ಕು. ಹೆಸ್ಕಾಂ ಕಂಬಗಳ ಮೇಲೆ ಕೇಬಲ್ ಎಳೆಯಲು ಆ ಸಂಸ್ಥೆಯ ಅನುಮತಿ ಬೇಕು; ಪಂಚಾಯತಿಯ ಒಪ್ಪಿಗೆಯೊಂದೇ ಸಾಲದು.

9. ಪಾಲಿಸಬೇಕಾದ ಎಚ್ಚರಿಕೆಗಳು

ಪಟ್ಟಿ ತಯಾರಿಸುವಾಗ ಯಾರಿಂದಲೂ ಹಣ ಸಂಗ್ರಹಿಸಬಾರದು. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ವಿವರ, ಒ.ಟಿ.ಪಿ. ಕೇಳಬಾರದು, ಹೆಸರು, ಮನೆ ಸಂಖ್ಯೆ, ಸಹಿ ಸಾಕು. ಪಂಚಾಯತಿಯ ಹೆಸರು ಹೇಳಿಕೊಂಡು ಮುಂಗಡ ಕೇಳುವವರ ಬಗ್ಗೆ ಗ್ರಾಮಸ್ಥರನ್ನು ಮೊದಲೇ ಎಚ್ಚರಿಸಬೇಕು. ಯಾವುದೇ ಒಬ್ಬ ಸದಸ್ಯರ ಬಂಧುವಿಗೆ ಕೇಬಲ್ ವ್ಯವಹಾರ ಕೊಡಿಸುವ ಪ್ರಯತ್ನವೆಂಬ ಸಂಶಯ ಬಂದರೆ ಅಭಿಯಾನ ಅಲ್ಲಿಗೇ ಮುಗಿಯುತ್ತದೆ. ಆದ್ದರಿಂದ ಪ್ರತಿ ನಿರ್ಧಾರವೂ ನಡವಳಿ ಪುಸ್ತಕದಲ್ಲಿ ದಾಖಲಾಗಲಿ.

ತಿಂಗಳ ಶುಲ್ಕ ನೀಡಲಾಗದ ಮನೆಗಳು ಪ್ರತಿ ಊರಿನಲ್ಲೂ ಇವೆ. ಆ ಮನೆಗಳ ಮಕ್ಕಳು ಕುಳಿತು ಓದಲು ಅರಿವು ಕೇಂದ್ರ ಹಾಗೂ ಶಾಲೆಗಳಲ್ಲಿ ಉಚಿತ ಸಂಪರ್ಕ ಒದಗಿಸುವ ತೀರ್ಮಾನವನ್ನು ಅದೇ ಗ್ರಾಮ ಸಭೆಯಲ್ಲಿ ಕೈಗೊಳ್ಳಬೇಕು. ಊರ ಮುಂದಿನ ಓಣಿಗೆ ಬಂದು ಪರಿಶಿಷ್ಟರ ಕಾಲೊನಿಗೆ ಬಾರದ ಕೇಬಲನ್ನು ಊರಿನ ಕೇಬಲ್ ಎನ್ನಲಾಗದು. ಪಟ್ಟಿಯ ಸಮೀಕ್ಷೆ ಆ ಕಾಲೊನಿಯಿಂದಲೇ ಆರಂಭವಾದರೆ ಈ ತಪ್ಪು ಆಗುವುದಿಲ್ಲ.

10. ಚರ್ಚೆಗೆ ಪ್ರಶ್ನೆಗಳು

(1) ತಮ್ಮ ಪಂಚಾಯತಿಯ ಫೈಬರ್ ಉಪಕರಣ ಕಳೆದ ತಿಂಗಳು ಎಷ್ಟು ದಿನ ಕೆಲಸ ಮಾಡಿದೆ? ಅದರ ದಾಖಲೆ ಯಾರ ಬಳಿ ಇದೆ?

(2) ಪಂಚಾಯತಿ ಕೇಂದ್ರವಲ್ಲದ ಯಾವ ಹಳ್ಳಿಗಳಿಂದ ಇದುವರೆಗೆ ಲಿಖಿತ ಬೇಡಿಕೆ ಹೋಗಿಲ್ಲ?

(3) ತಮ್ಮ ವಾರ್ಡಿನಲ್ಲಿ ಎಷ್ಟು ಮನೆಗಳು ಸಹಿ ಹಾಕಬಹುದು? ಹಾಕಲಾಗದ ಮನೆಗಳ ಮಕ್ಕಳಿಗೆ ಏನು ವ್ಯವಸ್ಥೆ?

(4) ಈಗ ನಡೆಯುತ್ತಿರುವ ಯಾವ ಕಾಮಗಾರಿಗಳಿಂದ ಕೇಬಲಿಗೆ ಹಾನಿಯಾಗುವ ಸಂಭವವಿದೆ?

ಈ ಪ್ರಶ್ನೆಗಳನ್ನು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿ, ಉತ್ತರಗಳನ್ನು ನಡವಳಿಯಲ್ಲಿ ದಾಖಲಿಸುವುದು ಈ ಪಾಠದ ಮೊದಲ ಅಭ್ಯಾಸ. ಮನೆಮನೆ ಪಟ್ಟಿಯನ್ನು ಮುಂದಿನ ಗ್ರಾಮ ಸಭೆಯೊಳಗೆ ಸಿದ್ಧಪಡಿಸುವುದು ಎರಡನೆಯದು.